"ಸಲೂಬ್ರಿಯಸ್" ಅನ್ನೋ ಇಂಗ್ಲಿಷ್ ಪದ ಈಗಲೂ ಯಾರಾದ್ರೂ ಬರೀತಾರಾ?

ಪ್ರೂಫ್‌ರೀಡರ್_ಜಯನಗರ

ಎಲ್ಲರಿಗೂ ನಮಸ್ಕಾರ. ಸರ್ಜಾಪುರ ರಸ್ತೆ ಕಡೆಯ ಒಂದು ಅಪಾರ್ಟ್‌ಮೆಂಟಿನ ಇಂಗ್ಲಿಷ್ ಬ್ರೋಷರ್ ತಿದ್ದೋ ಕೆಲಸ ಬಂದಿದೆ. ಮೊದಲ ಸಾಲಲ್ಲೇ "ಸಲೂಬ್ರಿಯಸ್ ಕ್ಲೈಮೇಟ್", ಅಂದರೆ ಆರೋಗ್ಯಕರ ಹವೆ, ಅಂತ ಕೂತಿದೆ. ಇದನ್ನ ತೆಗೆಯೋಣ, ಈಗಿನವರಿಗೆ ಅರ್ಥವೂ ಆಗಲ್ಲ ಅಂದೆ. ಮಾರ್ಕೆಟಿಂಗ್‌ನವರು ಸುತರಾಂ ಒಪ್ಪಲಿಲ್ಲ. ಬೆಂಗಳೂರು ಅಂದ್ಮೇಲೆ ಆ ಪದ ಇರಲೇಬೇಕಂತೆ, ಮೊದಲಿಂದಲೂ ಹಾಗೇ ಬರೀತಾರಂತೆ.

"ಮೊದಲಿಂದ" ಅಂದ್ರೆ ಯಾವಾಗಿಂದ ಅನ್ನೋದು ನನ್ನ ತಲೆ ತಿಂತಾ ಇದೆ. ಇಂಗ್ಲಿಷ್ ಬರಹದಲ್ಲಿ ಈ ವಿಶೇಷಣ ಯಾವಾಗ ಜೋರಾಗಿತ್ತು, ಯಾವಾಗ ಇಳೀತು, ಈಗ ಎಲ್ಲಿ ಉಳಿದಿದೆ? ನಮ್ಮೂರಿಗೆ ಯಾಕೆ ಅಂಟಿಕೊಂಡಿದೆ? ಸ್ಕ್ಯಾನ್ ಮಾಡಿದ ಪುಸ್ತಕಗಳಲ್ಲಿ ಒಂದು ಪದ ಯಾವ ವರ್ಷ ಎಷ್ಟು ಬಂದಿದೆ ಅಂತ ಗೆರೆ ಎಳೆದು ತೋರಿಸೋ ಗೂಗಲ್ ಎನ್‌ಗ್ರಾಮ್‌ನಲ್ಲಿ ಹಾಕಿ ನೋಡಿದೆ. ಗೆರೆ ಏಳುತ್ತೆ, ಬೀಳುತ್ತೆ. ಅದನ್ನ ಹೇಗೆ ಓದಬೇಕು ಅಂತ ಗೊತ್ತಿರೋರು ಹೇಳಿ.

ಮಡಿವಾಳ_ಪಿಜಿ

ಗುರು, ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ನಿಂತ್ಕೊಂಡು ಆ ಸಾಲನ್ನ ಗಟ್ಟಿಯಾಗಿ ಓದು ಅಂತ ಅವರಿಗೆ ಹೇಳು.

ಟೀಚರಮ್ಮ

ನಗು ಬಂತು, ಆದರೆ ಪ್ರಶ್ನೆ ಚೆನ್ನಾಗಿದೆ. ಗೊತ್ತಿರುವಷ್ಟು ಹೇಳ್ತೀನಿ.

ಪದದ ಮೂಲ ಲ್ಯಾಟಿನ್ನಿನ ಸಾಲುಸ್, ಅಂದರೆ ಆರೋಗ್ಯ, ಕ್ಷೇಮ. ಆ ಹೆಸರಿನ ದೇವತೆಯೂ ರೋಮನ್ನರಿಗೆ ಇದ್ದಳು. ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದಲ್ಲಿ. 1755ರ ಸಾಮ್ಯುಯೆಲ್ ಜಾನ್ಸನ್ ನಿಘಂಟಿನ ಹೊತ್ತಿಗೆ ಅದು ಆರೋಗ್ಯಕ್ಕೆ ಒಳ್ಳೆಯದು ಅನ್ನೋ ಅರ್ಥದಲ್ಲಿ ಭದ್ರವಾಗಿ ನೆಲೆಯೂರಿತ್ತು. ಆಗ ಅದು ಅಲಂಕಾರದ ಪದ ಅಲ್ಲ, ಕೆಲಸದ ಪದ. ರೋಗ ಬರೋದು ಗಾಳಿಯಿಂದ, ನೀರಿಂದ, ನೆಲದ ಗುಣದಿಂದ ಅಂತ ನಂಬಿದ್ದ ಕಾಲ ಅದು. ಹಿಪ್ಪೋಕ್ರಟೀಸನ ಹೆಸರಲ್ಲಿರೋ ಒಂದು ಗ್ರಂಥದ ಹೆಸರೇ "ಗಾಳಿ, ನೀರು, ಸ್ಥಳಗಳು". ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಊರು ಕಟ್ಟೋಕೆ ಮೊದಲು ಮಾಡಬೇಕಾದ ಕೆಲಸ ಆರೋಗ್ಯಕರ ಜಾಗದ ಆಯ್ಕೆ ಅಂತ ಬರೆದಾಗ ಬಳಸಿದ್ದೂ ಇದೇ ಧಾತುವಿನ ಲ್ಯಾಟಿನ್ ಪದವನ್ನೇ. ಜೌಗು ಇರಬಾರದು, ಮಂಜು ಕವಿಯಬಾರದು, ಎತ್ತರದಲ್ಲಿರಬೇಕು ಅಂತೆಲ್ಲ ಹೇಳ್ತಾನೆ.

ಹಾಗಾಗಿ 18ನೇ ಶತಮಾನದ ಇಂಗ್ಲಿಷ್ ಡಾಕ್ಟರ್ ಒಂದು ಜಾಗವನ್ನ "ಸಲೂಬ್ರಿಯಸ್" ಅಂದರೆ ಅದು ಹೊಗಳಿಕೆ ಅಲ್ಲ, ಒಂದು ವೈದ್ಯಕೀಯ ತೀರ್ಪು. ನಿಮ್ಮ ಮಾರ್ಕೆಟಿಂಗ್‌ನವರ ಕೈಗೆ ಸಿಕ್ಕಿರೋದು ಆ ತೀರ್ಪಿನ ಖಾಲಿ ಲಕೋಟೆ.

ಕಾರ್ಪಸ್_ಕಿಟ್ಟಿ

ಎನ್‌ಗ್ರಾಮ್ ವಿಷಯ ನಾನು ಹೇಳ್ತೀನಿ. ನನ್ನ ಹೊಟ್ಟೆಪಾಡೇ ಅದು.

ಮೊದಲನೇದು, 1800ಕ್ಕೆ ಹಿಂದಿನ ಗೆರೆಯನ್ನ ನಂಬಬೇಡಿ. ಆಗಿನ ಇಂಗ್ಲಿಷ್ ಅಚ್ಚಿನಲ್ಲಿ ಎಸ್ ಅಕ್ಷರಕ್ಕೆ ಎರಡು ರೂಪ ಇತ್ತು. ಪದದ ಕೊನೆಯಲ್ಲಿ ಈಗಿನ ಹಾಗೆ ಗುಂಡಗೆ. ಶುರುವಲ್ಲಿ, ಮಧ್ಯದಲ್ಲಿ ಉದ್ದನೆಯ ಎಸ್. ಅದು ನೋಡೋಕೆ ಥೇಟ್ ಎಫ್, ನಡುವಿನ ಅಡ್ಡಗೆರೆ ಮಾತ್ರ ಪೂರ್ತಿ ಇರಲ್ಲ. ಹಳೇ ಪುಸ್ತಕ ಸ್ಕ್ಯಾನ್ ಮಾಡಿ ಓದೋ ಯಂತ್ರ ಅದನ್ನ ಎಫ್ ಅಂತಲೇ ಓದುತ್ತೆ. ನಮ್ಮ ಪದ ಶುರುವಾಗೋದೇ ಎಸ್‌ನಿಂದ. ಅಂದರೆ ಅದು ಅಲ್ಲಿ "ಫಲೂಬ್ರಿಯಸ್" ಆಗಿ ಕೂತಿರುತ್ತೆ. ಬೇಕಿದ್ರೆ ಎಫ್ ಹಾಕಿ ಹುಡುಕಿ ನೋಡಿ, ಮಜಾ ಇರುತ್ತೆ. 1800ರ ಆಸುಪಾಸು ಮುದ್ರಕರು ಉದ್ದನೆಯ ಎಸ್ ಕೈಬಿಟ್ಟರು. ಅಲ್ಲಿ ಗೆರೆ ಚಿಮ್ಮಿದರೆ ಜನ ಇದ್ದಕ್ಕಿದ್ದಂತೆ ಗಾಳಿಯ ಬಗ್ಗೆ ಬರೆಯೋಕೆ ಶುರುಮಾಡಿದರು ಅಂತ ಅರ್ಥ ಅಲ್ಲ, ಅಚ್ಚುಮೊಳೆ ಬದಲಾಯ್ತು ಅಂತ. ಗೂಗಲ್‌ನವರು ಆಮೇಲಿನ ಆವೃತ್ತಿಗಳಲ್ಲಿ ಇದನ್ನ ಸಾಕಷ್ಟು ಸರಿಪಡಿಸಿದ್ದಾರೆ, ಆದರೂ ನಾನಂತೂ 1820ರಿಂದ ಈಚೆಗೇ ಓದೋದು.

ಎರಡನೇದು, ಅದು ಶೇಕಡಾವಾರು ಲೆಕ್ಕ. ಆ ವರ್ಷ ಅಚ್ಚಾದ ಒಟ್ಟು ಪದಗಳಲ್ಲಿ ಇದರ ಪಾಲು ಎಷ್ಟು ಅಂತ. 20ನೇ ಶತಮಾನದಲ್ಲಿ ಆ ಭಂಡಾರದೊಳಗೆ ವಿಜ್ಞಾನ, ತಾಂತ್ರಿಕ ಪುಸ್ತಕಗಳ ಪಾಲು ಊದಿಕೊಂಡಿದೆ. ಅವುಗಳಲ್ಲಿ ಇಂಥ ಪದ ಬರಲ್ಲ. ಹಾಗಾಗಿ ಕಥೆ, ಕಾದಂಬರಿ, ಪ್ರವಾಸ ಬರಹದಲ್ಲಿ ಬಳಕೆ ಇದ್ದಷ್ಟೇ ಇದ್ದರೂ ಗೆರೆ ಕೆಳಗೆ ಜಾರುತ್ತೆ. ಮೇಲಾಗಿ ಲಕ್ಷಾಂತರ ಜನ ಓದಿದ ಪುಸ್ತಕಕ್ಕೂ ಯಾರೂ ಮುಟ್ಟದ ಪುಸ್ತಕಕ್ಕೂ ಅಲ್ಲಿ ಒಂದೇ ತೂಕ. 2015ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದ ಸಂಶೋಧಕರು ಈ ಎರಡೂ ತಕರಾರನ್ನ ಬಿಡಿಸಿ ಬರೆದಿದ್ದಾರೆ. ಇನ್ನೊಂದು ಮಾತು: ಕನಿಷ್ಠ 40 ಪುಸ್ತಕಗಳಲ್ಲಿ ಬಂದಿರದ ಪದ ಅಥವಾ ಪದಗುಚ್ಛ ಎನ್‌ಗ್ರಾಮ್‌ನಲ್ಲಿ ಕಾಣೋದೇ ಇಲ್ಲ. ಅಪರೂಪದ ಪದ ಹುಡುಕೋರು ಇದನ್ನ ನೆನಪಿಟ್ಕೋಬೇಕು.

ಇಷ್ಟೆಲ್ಲ ಕಳೆದರೂ ಒಂದು ವಿಷಯ ಉಳಿಯುತ್ತೆ. 19ನೇ ಶತಮಾನದ ಮೊದಲ ಭಾಗದಲ್ಲಿ ಎತ್ತರ, ಆಮೇಲೆ ದೀರ್ಘ ಇಳಿಜಾರು. ಇಳಿದದ್ದು ನಿಜ. ಎಷ್ಟು ಅನ್ನೋದರಲ್ಲಿ ಮಾತ್ರ ಜಗಳ.

ಡಾ_ಮೈಕ್ರೋಬ್

ಇಳಿಜಾರಿಗೆ ಕಾರಣ ನಮ್ಮ ಕಡೆಯಿಂದ ಹೇಳಬಹುದು. ಕೊಳೆತದ್ದರಿಂದ, ಜೌಗಿನಿಂದ ಏಳೋ ಕೆಟ್ಟ ಗಾಳಿಯೇ ರೋಗ ತರೋದು ಅನ್ನೋ ಮಯಾಸ್ಮ ಸಿದ್ಧಾಂತ 19ನೇ ಶತಮಾನದ ಎರಡನೇ ಭಾಗದಲ್ಲಿ ಕುಸಿಯಿತು. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಜಾನ್ ಸ್ನೋ ಕಾಲರಾವನ್ನ ಒಂದು ಬೀದಿ ಪಂಪಿನ ನೀರಿಗೆ ಗಂಟು ಹಾಕಿದ. 1880ರಲ್ಲಿ ಅಲ್ಜೀರಿಯಾದಲ್ಲಿ ಲಾವರಾನ್ ಮಲೇರಿಯಾ ಪರಾವಲಂಬಿಯನ್ನ ರಕ್ತದಲ್ಲಿ ಕಂಡ. 1884ರಲ್ಲಿ ಕೋಖ್ ಕಲ್ಕತ್ತೆಯಿಂದ ಕಾಲರಾ ಬ್ಯಾಕ್ಟೀರಿಯಾದ ವರದಿ ಕೊಟ್ಟ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಆ ಪರಾವಲಂಬಿಯನ್ನ ಹಿಡಿದ. "ಮಲೇರಿಯಾ" ಅಂದರೇನೇ ಇಟಾಲಿಯನ್ನಿನಲ್ಲಿ ಕೆಟ್ಟ ಗಾಳಿ. ಆ ಹೆಸರು ಉಳೀತು, ಗಾಳಿಯ ಮೇಲಿನ ಆರೋಪ ಬಿದ್ದುಹೋಯ್ತು. ಅದರ ಜೊತೆಗೇ ಒಳ್ಳೇ ಗಾಳಿಗೆ ಕೊಡ್ತಿದ್ದ ಸರ್ಟಿಫಿಕೇಟೂ ಹೋಯ್ತು.

ರಾಸ್ ಸಾಹೇಬರಿಗೆ ಬೆಂಗಳೂರಿನ ನಂಟೂ ಇದೆ. 1880ರ ದಶಕದಲ್ಲಿ ಇಲ್ಲಿ ಸೇನಾ ವೈದ್ಯರಾಗಿದ್ದಾಗ ಅವರ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಕಿಟಕಿ ಹೊರಗಿನ ನೀರಿನ ತೊಟ್ಟಿ ನೋಡಿದರೆ ಅದರ ತುಂಬ ಮರಿಗಳು. ತೊಟ್ಟಿ ಮಗುಚಿದರು, ಸೊಳ್ಳೆ ಕಮ್ಮಿಯಾಯ್ತು. ಮಲೇರಿಯಾ ಕೆಲಸ ಶುರುಮಾಡೋಕೆ ಎಷ್ಟೋ ಮುಂಚಿನ ಮಾತು ಇದು. ಊರ ಹವೆ ಆರೋಗ್ಯಕರ ಅಂತ ಬರೆದ ಕಾಗದ ಕಚೇರಿಯಲ್ಲಿ, ಸೊಳ್ಳೆ ಮರಿ ಬಂಗಲೆಯ ತೊಟ್ಟಿಯಲ್ಲಿ!

ಧಾರವಾಡದಾಂವ

ಅಲ್ರೀ ಡಾಕ್ಟರ್, ಕೇಳಾಕ ಚಂದ ಅದ, ಆದ್ರ ನಂಗ ಪೂರ್ತಿ ಒಪ್ಪಿಗಿ ಆಗವಲ್ದು. ರೋಗಾಣು ಸಿಕ್ಕಿತು, ಪದ ಸತ್ತಿತು ಅಂದ್ರ ಕಥಿ ಭಾಳ ಸಲೀಸ ಆತು. ಲ್ಯಾಟಿನ್ ವಾಸನಿಯ ಉದ್ದುದ್ದ ವಿಶೇಷಣ ಎಲ್ಲಾನೂ ಅದೇ ಕಾಲಕ್ಕ ಇಳದಾವಲ್ಲ? "ಕಮೋಡಿಯಸ್" ತಗೋರಿ, ವಿಶಾಲ ಅನ್ನೂದಕ್ಕ ಹಳೇ ಇಂಗ್ಲಿಷ್‌ನ್ಯಾಗ ಭಾಳ ಬರೀತಿದ್ರು. ಅದಕ್ಕೂ ರೋಗಾಣುವಿಗೂ ಏನ್ ಸಂಬಂಧ? ಇಂಗ್ಲಿಷ್ ಗದ್ಯದ ಫ್ಯಾಶನ್ನೇ ಬದಲಾತು ಅಂತ ಯಾಕ ಅನಬಾರದು?

ಕಾರ್ಪಸ್_ಕಿಟ್ಟಿ

ಧಾರವಾಡದವರು ಹಾಕಿದ್ದು ಸರಿಯಾದ ಪಟ್ಟು. ಗೆರೆ ಇಳಿದದ್ದರಿಂದ ಮಾತ್ರ ಕಾರಣ ಸಿಗಲ್ಲ. ಅದಕ್ಕೇ ನಾನು ಪದದ ಎಣಿಕೆಗಿಂತ ಪದದ ಪಕ್ಕದವರನ್ನ ನೋಡೋದು. ಎನ್‌ಗ್ರಾಮ್‌ನಲ್ಲಿ ಪದದ ಮುಂದೆ ಒಂದು ಜಾಗ ಬಿಟ್ಟು ನಕ್ಷತ್ರ ಚಿಹ್ನೆ ಹಾಕಿ. ಅದರ ನಂತರ ಅತಿ ಹೆಚ್ಚು ಬರೋ ಹತ್ತು ಪದಗಳನ್ನ ತೋರಿಸುತ್ತೆ. ಹಳೇ ಪುಸ್ತಕಗಳಲ್ಲಿ ಇದರ ಕೈ ಹಿಡಿದು ಬರೋದು "ಏರ್", "ಕ್ಲೈಮೇಟ್", "ಸಿಚುಯೇಶನ್". ಅಂದರೆ ಗಾಳಿ, ಹವೆ, ಊರಿರೋ ಜಾಗ. ಇವತ್ತಿನ ಬ್ರಿಟಿಷ್ ಪತ್ರಿಕೆ ತೆಗೆದರೆ ಪಕ್ಕದಲ್ಲಿರೋದು "ಏರಿಯಾ", "ನೇಬರ್‌ಹುಡ್", "ಸರೌಂಡಿಂಗ್ಸ್". ಬರೀ ಫ್ಯಾಶನ್ ಹೋಗಿದ್ದರೆ ಪದ ಕಮ್ಮಿಯಾಗಬೇಕಿತ್ತು, ಜೊತೆಗಾರರು ಬದಲಾಗಬೇಕಿರಲಿಲ್ಲ. ಇಲ್ಲಿ ಎರಡೂ ಆಗಿದೆ.

ಲೀಡ್ಸ್‌ನಿಂದ_ವಾಪಸ್

ಕಿಟ್ಟಿ ಸರ್ ಹೇಳಿದ್ದು ಹದಿನಾರಾಣೆ ನಿಜ. ಅಲ್ಲಿದ್ದಾಗ ಈ ಪದ ನಾನು ಕೇಳಿದ್ದೆಲ್ಲ ಉಲ್ಟಾ ಅರ್ಥದಲ್ಲೇ. "ಅಷ್ಟೇನೂ ಸಲೂಬ್ರಿಯಸ್ ಅಲ್ಲದ ಬೀದಿ" ಅಂದರೆ ರಾತ್ರಿ ಒಬ್ಬನೇ ಓಡಾಡಬೇಡ ಅಂತ. ಅಲ್ಲಿ ಆರೋಗ್ಯದ ಮಾತೇ ಇಲ್ಲ, ಮರ್ಯಾದಸ್ಥರ ಏರಿಯಾ ಹೌದೋ ಅಲ್ಲವೋ ಅಷ್ಟೇ. ನೇರವಾಗಿ ಹೊಗಳೋಕೆ ಬಳಸಿದರೂ ತುಟಿಯಂಚಲ್ಲಿ ನಗು ಇರುತ್ತೆ. ವೇಲ್ಸಿನ ಸ್ವಾನ್ಸಿಯಲ್ಲಿ "ಸಲೂಬ್ರಿಯಸ್ ಪ್ಯಾಸೇಜ್" ಅಂತ ಒಂದು ಓಣಿಯೇ ಇದೆ. ಅದು ಹೊರಡೋದು ಪಬ್ಬುಗಳಿಗೆ ಹೆಸರಾದ ವಿಂಡ್ ಸ್ಟ್ರೀಟಿಂದ. ಶನಿವಾರ ರಾತ್ರಿ ಅಲ್ಲಿಗೆ ಹೋದವರಿಗೆ ಬೇರೆ ವಿವರಣೆ ಬೇಡ.

ಗಾಂಧಿಬಜಾರ್

ಬೆಂಗಳೂರಿನ ಮಾತಿಗೆ ಬರೋಣ. ನಮ್ಮೂರಿಗೆ ಈ ಪದ ಸುಮ್ಮನೆ ಅಂಟಿದ್ದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ದಂಡು ಅಲ್ಲೇ ಬೀಡುಬಿಟ್ಟಿತ್ತು. ಸುತ್ತ ಕಾವೇರಿ, ಗದ್ದೆ, ಬಿಡದ ಜ್ವರ. 1809ರಲ್ಲಿ ದಂಡನ್ನ ಬೆಂಗಳೂರಿಗೆ ತಂದು ಹಲಸೂರಿನ ಬಳಿ ಇಳಿಸಿದರು. ಕಂಟೋನ್ಮೆಂಟ್ ಹುಟ್ಟಿದ್ದು ಹಾಗೆ. ಅಂದರೆ ಇಡೀ ದಂಡುಪ್ರದೇಶ ನಿಂತಿರೋದೇ "ಈ ಜಾಗದ ಹವೆ ಒಳ್ಳೇದು" ಅನ್ನೋ ಒಂದು ಷರಾದ ಮೇಲೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ, ಹತ್ತಿರದಲ್ಲಿ ದೊಡ್ಡ ನದಿ ಇಲ್ಲ. ಟೀಚರಮ್ಮನವರು ಹೇಳಿದ ವಿಟ್ರೂವಿಯಸ್‌ಗೆ ತೋರಿಸಿದ್ದರೂ ಸೈ ಅಂತಿದ್ದ.

ಅಲ್ಲಿಂದ ಮುಂದೆ ಸೇನಾ ವೈದ್ಯರ ವರದಿ, ಪ್ರವಾಸಿಗಳ ಪುಸ್ತಕ, ಗೆಜೆಟಿಯರ್, ರೈಲ್ವೆ ಕೈಪಿಡಿ ಅಂತ ಒಬ್ಬರನ್ನ ನೋಡಿ ಒಬ್ಬರು ಬರೆದರು. ಗೆಜೆಟಿಯರ್ ಓದಿ ಅಭ್ಯಾಸ ಇದ್ದವರಿಗೆ ಗೊತ್ತು, "ಹವಾಮಾನ" ಅನ್ನೋ ಶೀರ್ಷಿಕೆ ಕೆಳಗೆ ಒಂದು ಸಿದ್ಧ ವಾಕ್ಯ ಇದ್ದೇ ಇರುತ್ತೆ. ಒಂದು ಜಿಲ್ಲೆಯದನ್ನ ತೆಗೆದು ಇನ್ನೊಂದಕ್ಕೆ ಇಟ್ಟರೂ ಗೊತ್ತಾಗಲ್ಲ.

ಒಂದು ವರ್ಷ ಗಮನಿಸಿ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನ ಪರಿಷ್ಕೃತ ಆವೃತ್ತಿ ಬಂದದ್ದು 1897ರಲ್ಲಿ. ಡಾಕ್ಟರ್ ಹೇಳಿದ ರಾಸ್ ಶೋಧವೂ 1897. ಮರುವರ್ಷ, 1898ರಲ್ಲಿ, ಬೆಂಗಳೂರಿಗೆ ಪ್ಲೇಗ್ ಬಡಿಯಿತು. ಪೇಟೆಯ ಓಣಿಗಳಲ್ಲಿ ಹೆಣ ಬಿದ್ದಾಗ ಸಮುದ್ರಮಟ್ಟದ ಲೆಕ್ಕ ಯಾರ ನೆರವಿಗೂ ಬರಲಿಲ್ಲ. ಆಗ ರೂಪುಗೊಳ್ಳುತ್ತಿದ್ದ ಬಸವನಗುಡಿ, ಮಲ್ಲೇಶ್ವರಗಳತ್ತ ಜನ ಹೊರಟರು. ಆ ಬಡಾವಣೆಗಳ ನಕ್ಷೆ ನೋಡಿದರೆ ಚಿಂತನೆ ಎಷ್ಟು ಬದಲಾಗಿತ್ತು ಅಂತ ತಿಳಿಯುತ್ತೆ. ನೇರ ರಸ್ತೆ, ಮನೆಗಳ ಹಿಂದೆ ಮಲ, ಕಸ ಸಾಗಿಸೋಕೆ ಬೇರೆಯೇ ಕನ್ಸರ್ವೆನ್ಸಿ ಗಲ್ಲಿ. ನಮ್ಮ ಮನೆ ಹಿಂದೆ ಅದು ಈಗಲೂ ಇದೆ, ಎರಡು ಸ್ಕೂಟರ್ ಹಾಯೋಷ್ಟು ಅಗಲ. ಅರ್ಧ ಜಾಗ ಯಾರದೋ ಕಾಂಪೌಂಡಿನೊಳಗೆ ಸೇರಿದೆ, ಅದು ಬೇರೆ ಕಥೆ. ಪ್ಲೇಗಮ್ಮನ ಗುಡಿಗಳು ಊರಲ್ಲಿ ಇವತ್ತಿಗೂ ಪೂಜೆ ಪಡೀತಿವೆ.

ಟೀಚರಮ್ಮ

ಗಾಂಧಿಬಜಾರ್ ಅವರೇ, ಆ ಗಲ್ಲಿಯ ಮಾತಲ್ಲೇ ಧಾರವಾಡದವರ ಪ್ರಶ್ನೆಗೂ ಉತ್ತರ ಇದೆ ಅನ್ನಿಸುತ್ತೆ. "ಸಲೂಬ್ರಿಯಸ್" ಮಾಡ್ತಿದ್ದ ಕೆಲಸವನ್ನ ಇನ್ನೊಂದು ಪದ ಕಸಿದುಕೊಂಡಿತು: "ಸ್ಯಾನಿಟರಿ". 1842ರಲ್ಲಿ ಎಡ್ವಿನ್ ಚಾಡ್ವಿಕ್ ಬ್ರಿಟನ್ನಿನ ದುಡಿಯೋ ಜನರ ಸ್ಥಿತಿ ಕುರಿತು ಬರೆದ ವರದಿಯ ಹೆಸರಲ್ಲೇ ಅದು ಬಂತು. ಆ ವರದಿಯ ನಂತರ ಅದು ಸರ್ಕಾರದ ಪದವಾಯ್ತು. ಭಾರತದಲ್ಲೂ ಅಷ್ಟೇ. ಇಲ್ಲಿನ ಸೇನೆಯ ಸ್ಥಿತಿ ಕುರಿತ ರಾಯಲ್ ಕಮಿಷನ್ 1863ರಲ್ಲಿ ವರದಿ ಕೊಟ್ಟಿತು, ಮರುವರ್ಷ ಮೂರು ಪ್ರೆಸಿಡೆನ್ಸಿಗಳಲ್ಲೂ ಸ್ಯಾನಿಟರಿ ಕಮಿಷನ್‌ಗಳು ಬಂದವು.

ವ್ಯತ್ಯಾಸ ನೋಡಿ. ಸಲೂಬ್ರಿಯಸ್ ಅನ್ನೋದು ದೇವರು ಕೊಟ್ಟ ಗುಣ, ಊರಿಗೆ ಇದ್ದರೆ ಇದೆ, ಇಲ್ಲದಿದ್ದರೆ ಊರನ್ನೇ ಬಿಡಬೇಕು, ದಂಡು ಶ್ರೀರಂಗಪಟ್ಟಣ ಬಿಟ್ಟ ಹಾಗೆ. ಸ್ಯಾನಿಟರಿ ಅನ್ನೋದು ಮನುಷ್ಯ ಮಾಡಬೇಕಾದ ಕೆಲಸ: ಚರಂಡಿ, ನಲ್ಲಿ, ಬಜೆಟ್ಟು, ಇನ್‌ಸ್ಪೆಕ್ಟರು. ಆಡಳಿತಕ್ಕೆ ಬೇಕಿದ್ದದ್ದು ಎರಡನೇದು. ಮೊದಲನೇದು ಪ್ರವಾಸಿ ಪುಸ್ತಕಕ್ಕೆ, ಡ್ರಾಯಿಂಗ್ ರೂಮಿಗೆ ಸರಿಯಿತು. ಸಿದ್ಧಾಂತ ಬಿದ್ದದ್ದಕ್ಕಿಂತ ಕೆಲಸ ಕಳೆದುಕೊಂಡದ್ದು ಅದಕ್ಕೆ ದೊಡ್ಡ ಪೆಟ್ಟು ಅನ್ನೋದು ನನ್ನ ವಾದ. ರೋಗಾಣು ಸಿಗೋಕೆ ಎಷ್ಟೋ ಮೊದಲೇ, ಮಯಾಸ್ಮವನ್ನ ಗಟ್ಟಿಯಾಗಿ ನಂಬಿದ್ದ ಚಾಡ್ವಿಕ್ಕೇ ಆ ಪೆಟ್ಟು ಕೊಟ್ಟ.

ಮಡಿವಾಳ_ಪಿಜಿ

ಕೊನೆಗೆ ಸ್ಯಾನಿಟರಿ ಅಂದ್ರೆ ಜೆ.ಸಿ. ರೋಡಲ್ಲಿ ಕಮೋಡ್ ಮಾರೋ ಅಂಗಡಿ ಆಯ್ತಲ್ಲ ಮೇಡಂ. ಯಾವ ಪದಕ್ಕೂ ಪರ್ಮನೆಂಟ್ ಕೆಲಸ ಇಲ್ಲ.

ಡಾ_ಮೈಕ್ರೋಬ್

ಟೀಚರಮ್ಮನವರ ವಾದ ನನ್ನದಕ್ಕಿಂತ ಬಿಗಿಯಾಗಿದೆ. ಒಂದು ತಿದ್ದುಪಡಿ ಮಾತ್ರ. ಹಳಬರು ಕಂಡದ್ದು ಸುಳ್ಳಲ್ಲ. ಶ್ರೀರಂಗಪಟ್ಟಣದಿಂದ ಎದ್ದು ಬಂದ ದಂಡಿಗೆ ಜ್ವರ ಕಮ್ಮಿಯಾದದ್ದು ಹೌದು. ಗದ್ದೆ ನೀರು, ಸೆಕೆ ಎರಡೂ ಕಮ್ಮಿ ಇದ್ದ ಕಡೆ ಮಲೇರಿಯಾ ಹರಡೋ ಅನಾಫಿಲಿಸ್ ಸೊಳ್ಳೆಯ ಆಟ ಅಷ್ಟು ನಡೆಯಲ್ಲ. ಅವರ ಅನುಭವ ಸರಿ, ಕಾರಣ ತಪ್ಪು. ಹಾಗಾಗಿ 1809ರಲ್ಲಿ ಈ ಪದ ಬರೆದ ವೈದ್ಯನನ್ನ ನಾನು ಆಡಿಕೊಳ್ಳಲ್ಲ. ಈಗ ಬರೆಯೋರ ವಿಷಯ ಬೇರೆ.

ಸಾವೊಪಾಲೊ_ಬಿಟ್ಟುಬಂದವಳು

ಕೆಲಸ ಕಳೆದುಕೊಂಡ ಪದ ಅಂದದ್ದು ಬಹಳ ಇಷ್ಟವಾಯ್ತು, ಯಾಕಂದ್ರೆ ಬ್ರೆಜಿಲ್‌ನಲ್ಲಿ ಇದರ ತಂಗಿ ಇನ್ನೂ ನೌಕರಿಯಲ್ಲಿದ್ದಾಳೆ! ಅಲ್ಲಿ ನಾನು ಕಂಪನಿಯ ಸಂಬಳದ ವಿಭಾಗದಲ್ಲಿದ್ದೆ. ಪೋರ್ಚುಗೀಸಿನಲ್ಲಿ "ಇನ್ಸಾಲೂಬ್ರಿದಾದೆ" ಅಂತ ಸಂಬಳದ ಚೀಟಿಯಲ್ಲೇ ಒಂದು ಸಾಲು ಇರುತ್ತೆ. ರಾಸಾಯನಿಕ, ವಿಪರೀತ ಶಬ್ದ, ಸೋಂಕು ಇರೋ ಜಾಗದಲ್ಲಿ ದುಡಿಯೋರಿಗೆ ಕಾನೂನು ಪ್ರಕಾರ ಹೆಚ್ಚುವರಿ ಭತ್ಯೆ. ಅಪಾಯದ ಮಟ್ಟ ನೋಡಿ ಶೇ. 10, 20 ಅಥವಾ 40, ಸಾಮಾನ್ಯವಾಗಿ ಕನಿಷ್ಠ ವೇತನದ ಲೆಕ್ಕದಲ್ಲಿ. ಕಾರ್ಖಾನೆಯಲ್ಲಿ ಗುಡಿಸೋರಿಂದ ಹಿಡಿದು ಆಸ್ಪತ್ರೆಯ ನರ್ಸ್‌ವರೆಗೆ ಎಲ್ಲರ ಬಾಯಲ್ಲೂ ಆ ಪದ. ಅದಕ್ಕಾಗಿ ಕೋರ್ಟಿಗೆ ಹೋಗ್ತಾರೆ. ಅಲ್ಲಿ ಯಾರಿಗೂ ಅದು ಕಷ್ಟದ ಪದ ಅಲ್ಲ.

ಟೀಚರಮ್ಮ

ಫ್ರೆಂಚಿನಲ್ಲೂ ಹಾಗೇ. 1802ರಲ್ಲೇ ಪ್ಯಾರಿಸಿನಲ್ಲಿ "ಸಾಲುಬ್ರಿತೆ" ಹೆಸರಿನ ಮಂಡಳಿ ಆಯ್ತು. ವಾಸಕ್ಕೆ ಯೋಗ್ಯವಲ್ಲದ ಮನೆಗೆ ಇವತ್ತಿಗೂ ಅಲ್ಲಿನ ಕಾನೂನಿನ ಪದ "ಆ್ಯಂಸಾಲೂಬ್ರ್". ನೋಟಿಸು ಬರೋದು ಆ ಹೆಸರಲ್ಲೇ. ಇಂಗ್ಲಿಷಿನಲ್ಲಿ ಮಾತ್ರ ಪದಕ್ಕೆ ಕಚೇರಿ ತಪ್ಪಿತು.

ಧಾರವಾಡದಾಂವ

ಈಗ ಒಪ್ಪಿದೆ ನೋಡ್ರಿ. ಒಂದೇ ಬೇರು, ಮೂರು ಭಾಷಾ, ಎರಡು ಕಡೆ ಕಾನೂನು ಕೈ ಹಿಡಿತು, ಪದ ಗಟ್ಟಿ ಉಳೀತು. ಫ್ಯಾಶನ್ನಿನ ಪಾಲೂ ಇರ್ತದ ಅನ್ನೂದು ಬಿಡಂಗಿಲ್ಲ ನಾ.

ಪ್ರೂಫ್‌ರೀಡರ್_ಜಯನಗರ

ಇಷ್ಟೆಲ್ಲ ಸಿಗುತ್ತೆ ಅಂದ್ಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಭಾರತದ ಇಂಗ್ಲಿಷಲ್ಲಿ ಇದು ನಗು ಇಲ್ಲದೆ, ನೇರವಾಗಿ, "ಕ್ಲೈಮೇಟ್" ಪಕ್ಕದಲ್ಲೇ ಉಳಿದುಕೊಂಡಿದೆ ಅಂತ ನನಗನ್ನಿಸುತ್ತೆ. ಊಟಿ, ಕೂರ್ಗ್, ಬೆಂಗಳೂರು, ಎಲ್ಲ ಕಡೆ. ಇದನ್ನ ಲೆಕ್ಕ ಹಾಕಿ ತೋರಿಸೋಕೆ ಆಗುತ್ತಾ ಕಿಟ್ಟಿ ಸರ್? ಮಾರ್ಕೆಟಿಂಗ್‌ನವರ ಮುಂದೆ ಅನ್ನಿಸಿಕೆ ನಡೆಯಲ್ಲ.

ಕಾರ್ಪಸ್_ಕಿಟ್ಟಿ

ಸ್ವಲ್ಪ ಕಷ್ಟ. ಭಾರತೀಯ ಇಂಗ್ಲಿಷಿನ ಹಳೇ ಕಾರ್ಪಸ್, ಅಂದರೆ ಹುಡುಕೋಕೆ ಅಂತ ಕೂಡಿಟ್ಟ ಬರಹದ ಭಂಡಾರ, ಕೊಲ್ಹಾಪುರ ಕಾರ್ಪಸ್. ಶಿವಾಜಿ ವಿಶ್ವವಿದ್ಯಾಲಯದಲ್ಲಿ ಮಾಡಿದ್ದು, 1978ರಲ್ಲಿ ಅಚ್ಚಾದ ಬರಹ, 500 ತುಣುಕು, ಒಟ್ಟು ಸುಮಾರು ಹತ್ತು ಲಕ್ಷ ಪದ. ದೊಡ್ಡ ಕೆಲಸವೇ, ಆದರೆ ಹತ್ತು ಲಕ್ಷಕ್ಕೆ ಒಂದೋ ಅರ್ಧವೋ ಸಲ ಬರೋ ಪದಕ್ಕೆ ಅದು ಸಾಲಲ್ಲ. ಒಂದು ಸಲ ಸಿಕ್ಕರೂ ಏನೂ ಹೇಳೋಕಾಗಲ್ಲ, ಸೊನ್ನೆ ಬಂದರೂ ಹೇಳೋಕಾಗಲ್ಲ. ಅದರ ಬದಲು 2013ರ ಗ್ಲೋಬ್ (GloWbE) ಕಾರ್ಪಸ್ ನೋಡಿ. ಇಪ್ಪತ್ತು ದೇಶಗಳ ವೆಬ್ ಇಂಗ್ಲಿಷ್, ಒಟ್ಟು 190 ಕೋಟಿ ಪದ, ಭಾರತ, ಬ್ರಿಟನ್ ಬೇರೆ ಬೇರೆ ಕಾಲಂ. ಖಾತೆ ತೆರೆದರೆ ಹುಡುಕೋದು ಉಚಿತ. ಎರಡು ಕಾಲಂನಲ್ಲೂ ಪಕ್ಕದ ನಾಮಪದ ಯಾವುದು ಅಂತ ಪಟ್ಟಿ ತೆಗೀರಿ. ಸಾಲುಗಳನ್ನ ಒಂದೊಂದಾಗಿ ಓದಿ, ನಕಲು ಹೊಡೆದ ಟೂರಿಸಂ ಪುಟಗಳನ್ನ ಪಕ್ಕಕ್ಕಿಡಿ. ಒಂದೇ ವಾಕ್ಯ ಹತ್ತು ಹೋಟೆಲ್ ವೆಬ್‌ಸೈಟಲ್ಲಿ ಇರುತ್ತೆ, ಅದು ಹತ್ತು ಬಳಕೆ ಅಲ್ಲ. ಅಮೆರಿಕದ ಬಳಕೆ ದಶಕವಾರು ಬೇಕಂದ್ರೆ ಕೋಹಾ (COHA) ಅನ್ನೋ ಕಾರ್ಪಸ್ ಇದೆ, 1820ರಿಂದ ಶುರು.

ಗಾಂಧಿಬಜಾರ್

ಬ್ರೋಷರಿಗೆ ನನ್ನದೊಂದು ಸಲಹೆ. ಹವೆಯ ಬಗ್ಗೆ ಬರೆಯಲೇಬೇಕಂದ್ರೆ ಅಂಕಿಯಲ್ಲಿ ಬರೆಯಲಿ. ಬೆಂಗಳೂರಿನ ದಾಖಲೆ ಕನಿಷ್ಠ 7.8 ಡಿಗ್ರಿ, 1884ರ ಜನವರಿ 13. ಗರಿಷ್ಠ 39.2 ಡಿಗ್ರಿ, 2016ರ ಏಪ್ರಿಲ್ 24. ಯಾವುದನ್ನ ಮೊದಲ ಪುಟಕ್ಕೆ ಹಾಕ್ತಾರೋ ಅವರಿಗೇ ಬಿಡಿ.

ಪ್ರೂಫ್‌ರೀಡರ್_ಜಯನಗರ

ಹ್ಹಹ್ಹ, ಕಳಿಸ್ತೀನಿ ಸರ್. ಕಿಟ್ಟಿ ಸರ್, ಕೊನೇ ಪ್ರಶ್ನೆ. ಧಾರವಾಡದವರು ಹೇಳಿದ "ಕಮೋಡಿಯಸ್" ಜೊತೆ ಹೋಲಿಸೋದು ಹೇಗೆ?

ಕಾರ್ಪಸ್_ಕಿಟ್ಟಿ

ಎನ್‌ಗ್ರಾಮ್ ಪೆಟ್ಟಿಗೆಯಲ್ಲಿ ಎರಡನ್ನೂ ಅಲ್ಪವಿರಾಮ ಹಾಕಿ ಬರೀರಿ. 1820ರಿಂದ ಶುರುಮಾಡಿ. ದೊಡ್ಡಕ್ಷರ, ಸಣ್ಣಕ್ಷರ ಎರಡೂ ಸೇರಿಸೋ ಗುಂಡಿ ಒತ್ತಿ, ಇಲ್ಲದಿದ್ದರೆ ವಾಕ್ಯದ ಶುರುವಲ್ಲಿ, ಶೀರ್ಷಿಕೆಯಲ್ಲಿ ಬಂದದ್ದು ಲೆಕ್ಕಕ್ಕೆ ಸಿಗಲ್ಲ. ಸ್ಮೂದಿಂಗ್, ಅಂದರೆ ಅಕ್ಕಪಕ್ಕದ ವರ್ಷಗಳ ಸರಾಸರಿ ತೆಗೆದು ಗೆರೆ ನಯ ಮಾಡೋದು, ಮೂರು ಅಂತ ಇರುತ್ತೆ, ಸೊನ್ನೆಗೆ ಇಳಿಸಿ ಒಮ್ಮೆ ನೋಡಿ, ಆಗ ಯಾವ ಏರಿಳಿತ ನಿಜ, ಯಾವುದು ಇಸ್ತ್ರಿ ಹೊಡೆದದ್ದು ಗೊತ್ತಾಗುತ್ತೆ. ಎರಡೂ ಗೆರೆ ಜೊತೆಜೊತೆಗೇ ಇಳಿದಷ್ಟು ದೂರ ಫ್ಯಾಶನ್ನಿನ ಪಾಲು, ಬೇರೆಯಾದ ಕಡೆಯಿಂದ ಟೀಚರಮ್ಮನವರ ಪಾಲು. ಚಿತ್ರ ತೆಗೆದು ಇಲ್ಲೇ ಹಾಕಿ, ಧಾರವಾಡದವರೂ ನೋಡಲಿ.